ಅತ್ತೆ ಅತಿಥಿಯಾಗಿ ಬಂದ ಚಳಿಗಾಲ

ಆ ದಿನ ಬೆಳಗ್ಗೆ ಅತ್ತೆ ತಮ್ಮ ಕೋಣೆಯಿಂದ ಹೊರಬಂದಾಗ ಮೈಮೇಲೆ ಉದ್ದನೆಯ ಕೋಟಿತ್ತು, ಕಾಲಲ್ಲಿ ಬೂಟಿತ್ತು, ಕೈಯಲ್ಲಿ ಕಂದು ಬಣ್ಣದ ರೆಕ್ಸಿನ್ ಚೀಲವಿತ್ತು. ಸೊಸೆ ಹಜಾರದ ಮೇಜಿನ ಹಿಂದೆ ನಿಂತು ಒಗೆದ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದಳು. ಅತ್ತೆ ಒಂದೊಂದೇ ಮೆಟ್ಟಿಲಿಳಿದು ಬಂದು, ಬಹಳ ದೂರ ನಡೆದು ದಣಿದವರ ಹಾಗೆ ಚೀಲವನ್ನು ಕೆಳಗಿಟ್ಟು, ಮೇಜಿನ ಅಂಚನ್ನು ಹಿಡಿದುಕೊಂಡು ಕೇಳಿದರು:

"ಈ ಮನೆಯವರು ನೀವೇನಾ ಅಮ್ಮ? ಒಂದು ರಾತ್ರಿಗೆ ಕೋಣೆ ಸಿಗಬಹುದಾ?"

ಸೊಸೆಯ ಕಿವಿಗೆ ಮೊದಲು ಬಿದ್ದದ್ದು ಆ ಪ್ರಶ್ನೆಯಲ್ಲ, ‘ನೀವು’ ಎಂಬ ಮಾತು. ಈ ಮನೆಯ ಹೊಸಿಲು ದಾಟಿದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಅತ್ತೆಯ ಬಾಯಲ್ಲಿ ‘ಏನೇ’ ಆಗಿದ್ದಳು, ‘ಬಾರೇ’ ಆಗಿದ್ದಳು, ಸಿಟ್ಟು ಬಂದಾಗ ‘ಇವಳೊಬ್ಬಳು’ ಆಗಿದ್ದಳು. ‘ನೀವು’ ಮಾತ್ರ ಒಂದು ದಿನವೂ ಆಗಿರಲಿಲ್ಲ. ತಮಾಷೆಯೇನೋ ಅಂದುಕೊಂಡರೆ, ಅತ್ತೆ ತಮಾಷೆ ಮಾಡುವ ಪೈಕಿಯೇ ಅಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಚಹಾ ಲೋಟ ಹಿಡಿದು ಬಂದ ಗಂಡ, ಇದು ನಿನ್ನದೇ ಮನೆಯಲ್ಲವೇ ಅಮ್ಮ, ನಾನು ನಿನ್ನ ಮಗನಲ್ಲವೇ ಎಂದು ತಾಯಿಯ ಭುಜ ಹಿಡಿದ. ಅತ್ತೆ ಹೆದರಿ ಹಿಂದೆ ಸರಿದರು. ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ, ತಪ್ಪು ನನ್ನದೇ, ನಾನು ಬೇರೆ ಕಡೆ ವಿಚಾರಿಸುತ್ತೇನೆ ಎನ್ನುತ್ತ ಚೀಲವನ್ನು ಎತ್ತಿಕೊಂಡರು. ಗಂಡ ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಮುದುಕಿಯ ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಲೋಟವನ್ನು ಅಲ್ಲೇ ಬಿಟ್ಟು ಅವನು ಇಂಜಿನ್ ರಿಪೇರಿಯ ಶೆಡ್ಡಿಗೆ ಹೊರಟುಹೋದ. ಚಹಾ ಆರಿ ಕೆನೆಗಟ್ಟಿತು.

ಆ ಮನೆ ನದಿಯ ದಂಡೆಯಲ್ಲಿ, ಲಾಂಚು ಬಂದು ನಿಲ್ಲುವ ಕಟ್ಟೆಯ ಎದುರಿಗಿತ್ತು. ನಾಲ್ಕು ತಲೆಮಾರಿನಿಂದ ಅದು ದಾರಿಹೋಕರ ವಸತಿಮನೆ. ಕೋಣೆಗಳು ಆರು. ನಂಬರು ಇರಲಿಲ್ಲ, ಸಂತರ ಹೆಸರಿದ್ದವು. ಬಾಗಿಲ ಮೇಲೆ ಒಬ್ಬೊಬ್ಬ ಸಂತರ ಸಣ್ಣ ಪಟ. ಪ್ರಯಾಣಿಕನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಕ್ರಿಸ್ಟೋಫರ್ ಒಂದು ಕಡೆ, ದಾರಿ ತೋರಿಸುವ ದೇವದೂತ ರಫಾಯೇಲ ಇನ್ನೊಂದು ಕಡೆ. ಅಡುಗೆಯವರ ಪಾಲಕ ಸಂತ ಲಾರೆನ್ಸರನ್ನು ಬೆಂಕಿಯ ಮೇಲೆ ಸುಟ್ಟರಂತೆ. ಅವರ ಹೆಸರಿನ ಕೋಣೆ ಒಲೆಯ ಹೊಗೆಕೊಳವೆಗೆ ಅಂಟಿಕೊಂಡಿದ್ದು, ಚಳಿಗಾಲದಲ್ಲಿ ಬಂದವರೆಲ್ಲ "ಲಾರೆನ್ಸಪ್ಪನ ಕೋಣೆ ಇದೆಯಾ" ಎಂದೇ ಕೇಳುತ್ತಿದ್ದರು. ನದಿಯ ಕಡೆಗೆ ದೊಡ್ಡ ಕಿಟಕಿಯಿದ್ದ ಚೆಂದದ ಕೋಣೆ ಮಾತ್ರ ಮನೆವಾರ್ತೆಯವರ ಪಾಲಕಿ ಸಂತ ಮಾರ್ತಳದು. ಪ್ರಭು ಯೇಸು ಮನೆಗೆ ಬಂದಾಗ ತಂಗಿ ಪಾದದ ಬಳಿ ಕೂತು ಮಾತು ಕೇಳುತ್ತಿದ್ದರೆ, ಒಲೆ ಮುಂದೆ ಬೆವರು ಸುರಿಸುತ್ತಿದ್ದವಳು ಅವಳೇ ಅಲ್ಲವೇ.

ಇಡೀ ಮನೆಯ ಪಾಲಕರು ಸಂತ ಜೂಲಿಯನ್. ಅವರ ಕಥೆಯನ್ನು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ತನ್ನ ಹಾಸಿಗೆಯಲ್ಲಿ ಮಲಗಿದ್ದವರು ಯಾರೋ ಅಂದುಕೊಂಡು ಕತ್ತಿ ಬೀಸಿ, ಹೆತ್ತ ತಂದೆತಾಯಿಯನ್ನೇ ಕೊಂದ ಪಾಪ ಆತನದು. ಅದನ್ನು ಕಳೆದುಕೊಳ್ಳಲು ಹೆಂಡತಿಯೊಡನೆ ನದಿಯ ದಂಡೆಗೆ ಬಂದು, ಮನೆ ಕಟ್ಟಿ, ಬಂದವರನ್ನೆಲ್ಲ ದಾಟಿಸುತ್ತ, ಉಣ್ಣಿಸುತ್ತ ಉಳಿದ. ಒಂದು ದಿನ ಚಳಿಯಲ್ಲಿ ಮರಗಟ್ಟಿದ ಕುಷ್ಠರೋಗಿಯೊಬ್ಬ ಬಂದಾಗ ಅವನನ್ನು ತನ್ನದೇ ಹಾಸಿಗೆಯಲ್ಲಿ ಮಲಗಿಸಿದ. ಆ ರೋಗಿ ದೇವದೂತನಾಗಿದ್ದ, ಪಾಪ ಕ್ಷಮೆಯಾಯಿತು ಎಂದು ಹೇಳಿ ಮಾಯವಾದ. ಸೊಸೆಗೆ ಈ ಕಥೆ ಕೇಳಿದಾಗಲೆಲ್ಲ ಒಂದೇ ಯೋಚನೆ: ಆ ಹಾಸಿಗೆಯ ಬಟ್ಟೆಯನ್ನು ಒಗೆದದ್ದು ಯಾರು? ಹೆಂಡತಿಯೇ ಇರಬೇಕು. ಅವಳ ಹೆಸರಿನಲ್ಲಿ ಒಂದು ಕೋಣೆಯೂ ಇರಲಿಲ್ಲ.

ಮನೆಯ ಕಟ್ಟುಪಾಡು ಒಂದೇ. ಬಂದವರನ್ನು ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳಬಾರದು. ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೇ. ಅತ್ತೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊಸದಾಗಿ ಬಂದಾಗ ಸೊಸೆ ಯಾರೋ ಹೆಂಗಸನ್ನು "ಯಾವೂರು ನಿಮ್ಮದು" ಎಂದು ಸಲಿಗೆಯಿಂದ ಕೇಳಿದ್ದಕ್ಕೆ ಮೂರು ದಿನ ಅವಳೊಂದಿಗೆ ಮಾತು ಬಿಟ್ಟಿದ್ದರು. ಬಂದವರಿಗೆ ಬೆಣ್ಣೆಯಂಥ ಅತ್ತೆ, ಮನೆಯವಳಿಗೆ ಮಾತ್ರ ಕಲ್ಲು. ಹಾಸಿಗೆಯ ಹೊದಿಕೆಯ ಮೂಲೆ ಮಡಿಸಿದರೆ ಅದು ಸೊಟ್ಟ, ಸೂಪು ಮಾಡಿದರೆ ಅದಕ್ಕೆ ಉಪ್ಪು ಜಾಸ್ತಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ; ತನ್ನ ಕಾಲ ಬರಲಿ ಎಂದು ಸೊಸೆ ಹಲ್ಲು ಕಚ್ಚಿಕೊಂಡು ಕಾದಿದ್ದೂ ಉಂಟು. ಅದು ಹೀಗೆ, ಚೀಲ ಹಿಡಿದುಕೊಂಡು ಬಂದು ಎದುರಿಗೆ ನಿಲ್ಲುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಅತ್ತೆ ಬಾಗಿಲವರೆಗೆ ಹೋಗಿಬಿಟ್ಟಿದ್ದರು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಕಟ್ಟೆಯೇ ಕಾಣುತ್ತಿರಲಿಲ್ಲ.

"ಕೋಣೆ ಇದೆ, ಬನ್ನಿ," ಎಂದಳು ಸೊಸೆ. "ಮೊದಲು ಬಿಸಿಯಾಗಿ ಏನಾದ್ರೂ ತಗೊಳ್ಳಿ."

ಅಂದು ಅತ್ತೆಗೆ ಮಾರ್ತಳ ಕೋಣೆ ಕೊಟ್ಟಳು. ಅವರು ಕಿಟಕಿಯ ಬಳಿ ಕೂತು, ಈ ಮನೆ ಬಹಳ ಚೊಕ್ಕಟವಾಗಿದೆ, ನೋಡಿದರೆ ಹೆಂಗಸಿನ ಕೈ ಗೊತ್ತಾಗುತ್ತದೆ ಎಂದರು. ಸೊಸೆ ಕೆಳಗಿಳಿದು ಬಂದು, ಅಡುಗೆಮನೆಯಲ್ಲಿ ಕೂತು, ಯಾಕೆಂದು ತಿಳಿಯದೆ ಸ್ವಲ್ಪ ಹೊತ್ತು ಅತ್ತಳು.

ವೈದ್ಯರು ಬಂದು ನೋಡಿದರು. ಇದು ವಯಸ್ಸಿನ ಮರೆವು, ಹಿಂದೆ ಬರುವ ದಾರಿಯಿಲ್ಲ, ವಾದ ಮಾಡಿ ಹೆದರಿಸಬೇಡಿ ಎಂದು ಹೇಳಿಹೋದರು. ವಾದ ಮಾಡುವುದನ್ನು ಸೊಸೆ ಆಗಲೇ ಬಿಟ್ಟಿದ್ದಳು. ಮಾರನೆಯ ಬೆಳಗ್ಗೆ ಅತ್ತೆ ಚೀಲ ಹಿಡಿದು ಇಳಿದುಬಂದು, ಉಪಕಾರವಾಯಿತು, ಹೊರಡುತ್ತೇನೆ ಎಂದು ಕೈಮುಗಿದು ಕಟ್ಟೆಯ ಕಡೆ ನಡೆದರು. ಸೊಸೆ ಜೀವ ಕೈಯಲ್ಲಿ ಹಿಡಿದು ಹಿಂದೆ ಓಡಿದಳು. ಲಾಂಚು ನಡೆಸುವವನನ್ನು ಊರೆಲ್ಲ ಶಿಳ್ಳೆಯಣ್ಣ ಎನ್ನುತ್ತಿತ್ತು. ಮಂಜಿನಲ್ಲಿ ದಡ ಎಲ್ಲಿದೆಯೆಂದು ಅವನು ಶಿಳ್ಳೆ ಹಾಕಿ, ಅದು ಮರಳಿ ಬರುವ ಸದ್ದಿನಿಂದ ತಿಳಿಯುತ್ತಿದ್ದ. ಅವನು ಅತ್ತೆಯನ್ನು ಕೈಹಿಡಿದು ಹತ್ತಿಸಿ, ಬೆಂಚಿನ ಮೇಲೆ ಕೂರಿಸಿ, ಸೊಸೆಗೆ ಕಣ್ಸನ್ನೆ ಮಾಡಿದ. ಲಾಂಚಿನ ಹಗ್ಗವನ್ನು ಬಿಚ್ಚಲೇ ಇಲ್ಲ. ಇಂಜಿನ್ ಶುರುಮಾಡಿದ, ಅದು ಗುಡುಗುಡು ಎಂದಿತು, ನೀರು ಅಲ್ಲಾಡಿತು, ಸುತ್ತಲೂ ಬೆಳ್ಳಗಿನ ಮಂಜು ಹರಿಯಿತು. ಕಾಲು ಗಂಟೆಯಾದ ಮೇಲೆ ಇಂಜಿನ್ ನಿಲ್ಲಿಸಿ, "ಬಂತಮ್ಮ, ಇಳೀರಿ, ನೋಡ್ಕೊಂಡು," ಎಂದ.

ಅತ್ತೆ ಅದೇ ದಡಕ್ಕೆ ಇಳಿದು, ಅದೇ ಹಾದಿ ಹಿಡಿದು, ಅದೇ ಮನೆಯ ಬಾಗಿಲಲ್ಲಿ ನಿಂತರು. ಹೊಸ ಊರು ಕಂಡ ಬೆರಗು ಅವರ ಮುಖದಲ್ಲಿತ್ತು. ಹಿಂದಿನ ಊರಿನಲ್ಲೂ ಒಂದು ಒಳ್ಳೆಯ ಮನೆ ಸಿಕ್ಕಿತ್ತು ಎಂದು ಸೊಸೆಗೆ ಹೇಳಿದರು. ಅಲ್ಲಿಯವಳು ಪಾಪ, ಬಹಳ ದಣಿದಿದ್ದಳಂತೆ.

ಹೀಗೆ ದಿನಗಳು ನಡೆದವು. ಪ್ರತಿ ಬೆಳಗ್ಗೆ ಅತ್ತೆ ಹೊರಟರು, ಪ್ರತಿ ಬೆಳಗ್ಗೆ ಬಂದರು. ಆ ಕಾಲು ಗಂಟೆಯಲ್ಲಿ ಎಷ್ಟೋ ನದಿಗಳನ್ನು ದಾಟಿದರು, ಎಷ್ಟೋ ಊರುಗಳನ್ನು ಕಂಡರು. ಒಂದೂರಿನಲ್ಲಿ ಬೀದಿಯಲ್ಲೆಲ್ಲ ಹಂಸಗಳು ಓಡಾಡುತ್ತಿದ್ದವು. ಇನ್ನೊಂದೂರಿನಲ್ಲಿ ಜನ ಕಿಟಕಿಯಲ್ಲಿ ದೀಪವಿಟ್ಟು ಮಾತಿಲ್ಲದೆ ಕೂತಿದ್ದರು. ಸೊಸೆ ತರಕಾರಿ ಹೆಚ್ಚುತ್ತ ಕೇಳುವಳು. ಕೇಳುತ್ತ ಕೇಳುತ್ತ ತಾನೇ ಎಲ್ಲಿಗೋ ಹೋಗಿ ಬಂದಂತಾಗುತ್ತಿತ್ತು. ಅವಳು ಮದುವೆಯಾಗಿ ಬಂದ ಮೇಲೆ ಆ ನದಿಯನ್ನು ದಾಟಿದ್ದೇ ನಾಲ್ಕೋ ಐದೋ ಸಲ. ಅತ್ತೆ ಸೂಪನ್ನು ಕುಡಿದು ಚೆನ್ನಾಗಿದೆ ಎನ್ನುತ್ತಿದ್ದರು. ಹೊದಿಕೆಯ ಮೂಲೆಯನ್ನು ಮುಟ್ಟಿ ನೋಡಿ, ಎಷ್ಟು ಅಚ್ಚುಕಟ್ಟು ಎನ್ನುತ್ತಿದ್ದರು. ಸೊಸೆಗೆ ಆ ಮಾತು ಹಿತವಾಗಿಯೂ ಇತ್ತು, ಕದ್ದ ಬೆಲ್ಲದ ಹಾಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಲೂ ಇತ್ತು. ಇದು ತನಗೆ ಹೇಳಿದ್ದಲ್ಲ, ಯಾರಿಗೋ ಹೇಳಿದ್ದು.

ಗಂಡನಿಗೆ ಮಾತ್ರ ಈ ಆಟ ಸೇರಲಿಲ್ಲ. ಹೆತ್ತ ತಾಯಿಗೆ ಸುಳ್ಳು ಹೇಳಿ ದಿನಾ ಲಾಂಚಿನಲ್ಲಿ ಕೂರಿಸುವುದು ಎಂಥ ಸೇವೆ ಎಂದು ಹೆಂಡತಿಯ ಮೇಲೆ ರೇಗಿದ. ತಾಯಿ ಎದುರಾದರೆ ತಲೆ ತಗ್ಗಿಸಿ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದ. ಒಮ್ಮೆ ಅವನ ಮಸಿಯಾದ ಕೈ ನೋಡಿ ಅತ್ತೆ, ಈ ರಿಪೇರಿಯವರಿಗೂ ಸ್ವಲ್ಪ ಊಟ ಹಾಕಿ ಅಮ್ಮ, ಬೆಳಗ್ಗೆಯಿಂದ ಏನೂ ತಿಂದ ಹಾಗಿಲ್ಲ ಎಂದು ಸೊಸೆಗೆ ಶಿಫಾರಸು ಮಾಡಿದರು. ಅವನು ಉಂಡು ಎದ್ದುಹೋದ. ತಟ್ಟೆಯಲ್ಲಿ ಅರ್ಧ ಹಾಗೆಯೇ ಉಳಿದಿತ್ತು.

ಚಳಿಗಾಲದ ನಡುವೆ ಒಂದು ವಾರ ಮಂಜು ಕದಲಲೇ ಇಲ್ಲ. ಶಿಳ್ಳೆಯಣ್ಣನ ಶಿಳ್ಳೆಯೂ ಮರಳಿ ಬರಲಿಲ್ಲ. ಹತ್ತಿಯೊಳಗೆ ಊದಿದ ಹಾಗಾಗುತ್ತದೆ ಎಂದು ಅವನು ಲಾಂಚು ನಿಲ್ಲಿಸಿದ. ದಾಟಲು ಬಂದವರೆಲ್ಲ ಈ ದಡದಲ್ಲೇ ಉಳಿದರು. ಮೂರನೆಯ ದಿನಕ್ಕೆ ಆರು ಕೋಣೆಗಳೂ, ಅತ್ತೆಯ ಹಳೆಯ ಕೋಣೆಯೂ ತುಂಬಿ, ಹಜಾರದ ಬೆಂಚುಗಳ ಮೇಲೂ ಜನ. ಬಟ್ಟೆ ವ್ಯಾಪಾರಿಯೊಬ್ಬ, ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಮದುವೆಗೆ ಹೊರಟಿದ್ದ ನಾಲ್ವರು ಅಕ್ಕತಂಗಿಯರು. ಸೊಸೆ ಒಲೆಯ ಮುಂದಿನಿಂದ ಕದಲುವಂತಿರಲಿಲ್ಲ.

ಅಂದು ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಉಣ್ಣುತ್ತಿದ್ದಾಗ ಬಾಗಿಲು ತೆರೆದು ಒಬ್ಬ ಒಳಗೆ ಬಂದ. ಮೊದಲು ವಾಸನೆ ಬಂತು, ಆಮೇಲೆ ಅವನು. ಮುಖ, ಕತ್ತು, ಕೈಯ ಚರ್ಮವೆಲ್ಲ ಒಡೆದು ಕೀವು ಸೋರುತ್ತಿತ್ತು. ಬೆರಳುಗಳಿಗೆ ಕೊಳಕು ಬಟ್ಟೆ ಸುತ್ತಿತ್ತು. ನಡುಗುತ್ತ ಗೋಡೆಗೆ ಒರಗಿ ನಿಂತ. ಅಕ್ಕತಂಗಿಯರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು. ಬಟ್ಟೆ ವ್ಯಾಪಾರಿ ತಟ್ಟೆಯನ್ನು ಸರಿಸಿ, ಇಂಥವರನ್ನೆಲ್ಲ ಸೇರಿಸಿದರೆ ನಾವು ಇರುವುದು ಹೇಗೆ ಎಂದು ಸಣ್ಣ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ.

ಸೊಸೆ ಸೌಟು ಹಿಡಿದು ನಿಂತಿದ್ದಳು. ನಾಲ್ಕು ತಲೆಮಾರಿನ ಮನೆ, ಬಾಗಿಲ ಮೇಲೆ ಆರು ಪಟ, ಜೂಲಿಯನ್ನರ ಕಥೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಆದರೂ ನಾಲಿಗೆಗೆ ಬಂದದ್ದು, "ಕೋಣೆ ಖಾಲಿ ಇಲ್ಲ ಅಣ್ಣ," ಎಂಬ ಮಾತು. ಅದು ಸುಳ್ಳೇನೂ ಆಗಿರಲಿಲ್ಲ.

ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದರು. "ನನ್ನ ಕೋಣೆ ಇದೆಯಲ್ಲ," ಎಂದರು. "ನಾನು ಹೇಗೂ ಇವತ್ತು ಹೊರಡೋಳು. ಇವರನ್ನ ಬಾಗಿಲಲ್ಲಿ ನಿಲ್ಲಿಸಬೇಡಿ ಅಮ್ಮ. ಬಾಗಿಲಲ್ಲಿ ನಿಲ್ಲೋದು ಬಹಳ ಕಷ್ಟ."

ಹಾಗೆಂದವರೇ ಅವನ ಬಟ್ಟೆ ಸುತ್ತಿದ ಕೈಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಸೊಸೆ ಹಿಂದೆಯೇ ಹೋದಳು. ಅತ್ತೆ ಹಾಸಿಗೆಯ ಹೊದಿಕೆಯನ್ನು ಕಿತ್ತು, ಒಗೆದ ಹೊದಿಕೆ ಎಲ್ಲಿದೆಯೆಂದು ಯಾರನ್ನೂ ಕೇಳದೆ ಕಪಾಟಿನಿಂದ ತೆಗೆದು, ಒಂದೇ ಬೀಸಿಗೆ ಹರಡಿ, ನಾಲ್ಕು ಮೂಲೆಗಳನ್ನು ಕತ್ತರಿಸಿದ ಹಾಗೆ ಮಡಿಸಿದರು. ತಲೆ ಮರೆತದ್ದು ಕೈಗೆ ನೆನಪಿತ್ತು. ಸೊಸೆ ಬಿಸಿನೀರು ತಂದಳು. ಇಬ್ಬರೂ ಸೇರಿ ಅವನ ಕೈಯ ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸಿದರು. ಸೊಸೆ ವಾಸನೆ ತಾಳಲಾರದೆ ಎರಡು ಸಲ ಕಿಟಕಿಯ ಬಳಿ ಹೋಗಿ ನಿಂತಳು. ಅತ್ತೆ ನಿಲ್ಲಲಿಲ್ಲ.

ಅವನು ದೇವದೂತನೇನೂ ಆಗಿರಲಿಲ್ಲ. ಚರ್ಮ ಹದಮಾಡುವ ಕೆಲಸದವನು, ಆಚೆ ದಡದ ಆಸ್ಪತ್ರೆಗೆ ಹೊರಟಿದ್ದ. ಹೊಟ್ಟೆ ತುಂಬ ಉಂಡ, ಗೊರಕೆ ಹೊಡೆದ, ಬೀಡಿ ಸೇದಿ ಕಂಬಳಿಗೆ ಒಂದು ತೂತು ಮಾಡಿದ. ವ್ಯಾಪಾರಿ ಮುಖ ಊದಿಸಿಕೊಂಡಿದ್ದ, ಆದರೆ ಮಂಜಿನಲ್ಲಿ ಅವನಾದರೂ ಎಲ್ಲಿಗೆ ಹೋಗಬೇಕು. ಮಾರನೆಯ ದಿನ ತನ್ನ ಗಂಟಿನಿಂದ ಒಂದು ಹೊಸ ಅಂಗಿ ತೆಗೆದು, ಹೆಚ್ಚು ಮಾತಾಡದೆ, ಮಾರ್ತಳ ಕೋಣೆಯ ಬಾಗಿಲಲ್ಲಿಟ್ಟು ಬಂದ.

ಅತ್ತೆಯನ್ನು ಸೊಸೆ ಅಡುಗೆಮನೆಯ ಪಕ್ಕದ ತನ್ನ ಕೋಣೆಗೆ ಕರೆದುಕೊಂಡು ಬಂದಿದ್ದಳು. ಅವನು ಬಂದ ದಿನವೇ ಸಂಜೆಗೆ ಮುಂಚೆ, ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಅತ್ತೆ ಅವಳ ಮಂಚದ ಮೇಲೆ ಮಲಗಿದ್ದರು. ಅವಳು ಕಾಲಬಳಿ ಕೂತಿದ್ದಳು. ಕಿಟಕಿಯ ಗಾಜಿನಾಚೆ ಮಂಜು ಬೆಳ್ಳಗೆ ನಿಂತಿತ್ತು. ಮನೆ ಹಗ್ಗ ಬಿಚ್ಚಿಕೊಂಡು ಎಲ್ಲೋ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ಕಟ್ಟುಪಾಡು ನೆನಪಿದ್ದರೂ ಸೊಸೆಯ ಬಾಯಿ ಸುಮ್ಮನಿರಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಮಗ ಇದ್ದಾನೆ, ಸೊಸೆ ಇದ್ದಾಳೆ ಎಂದರು ಅತ್ತೆ.

"ಸೊಸೆ ಹೇಗೆ?"

ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗಿಂತ ಜಾಣೆ. ಅವಳು ಬಂದ ಮೇಲೇ ಅದು ಮನೆ ಆಗಿದ್ದು. ಉಪ್ಪು ಮಾತ್ರ ಸ್ವಲ್ಪ ಮುಂದೆ."

"ಅವಳಿಗೆ ಒಂದು ಸಲ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಅವಳನ್ನ ಕೇಳಿ, ಮದುವೆ ಮಾಡಿ ಕರ್ಕೊಂಡು ಬಂದಿದ್ದು. ಅವಳು ಮನೆಯವಳು. ನಾನು ಚೀಲ ಹಿಡ್ಕೊಂಡು ಒಂದು ರಾತ್ರಿಗೆ ಅಂತ ಬಂದೋಳು. ಅವಳಿಗೆ ಗೊತ್ತಾಗಿಬಿಟ್ರೆ ಅಂತ ಮೊದಲೇ ಜೋರು ಮಾಡ್ತಿದ್ದೆ."

ಅತ್ತೆ ನಿಧಾನವಾಗಿ ಹೇಳುತ್ತ ಹೋದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಲಾಂಚಿನಿಂದ ಇಳಿದು ನದಿ ದಂಡೆಯ ಒಂದು ಮನೆಗೆ ಬಂದಿದ್ದರು. ಮನೆಯೊಡತಿ ಬಿಸಿ ಸೂಪು ಕೊಟ್ಟಳು, ಏನೂ ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ. ತಿಂಗಳು ಕಳೆದು, ವರ್ಷ ಕಳೆದು, ಆ ಮನೆಯ ಮಗ ಮದುವೆಯಾಗುತ್ತೀಯಾ ಎಂದು ಕೇಳಿದ. ಎಲ್ಲಿಂದ ಬಂದೆ ಎಂದು ಅವನೂ ಕೇಳಲಿಲ್ಲ.

"ಕೇಳದೇ ಇದ್ದಿದ್ದು ದೊಡ್ಡ ಉಪಕಾರ," ಎಂದರು ಅತ್ತೆ. "ಆದ್ರೆ ಯಾರೂ ಯಾವತ್ತೂ ಕೇಳದೇ ಇದ್ರೆ, ಬಂದೋಳು ಬಂದೋಳಾಗೇ ಉಳಿದುಬಿಡ್ತಾಳೆ ಅಮ್ಮ."

ಒಲೆಯಲ್ಲಿ ಕೆಂಡ ಕುಸಿದ ಸದ್ದಾಯಿತು. ಸೊಸೆ ಅತ್ತೆಯ ಪಾದವನ್ನು ಹಿಡಿದುಕೊಂಡಳು. ಎಣ್ಣೆ ಕಾಣದ, ಒಣಗಿದ, ಸಣ್ಣ ಪಾದ.

"ಎಲ್ಲಿಂದ ಬಂದ್ರಿ ನೀವು?" ಎಂದು ಕೇಳಿದಳು.

ಅತ್ತೆ ಹೇಳಿದರು. ಊರಿನ ಹೆಸರು ಹೇಳಿದರು, ಬೀದಿ ಹೇಳಿದರು, ಮನೆಯ ಬಾಗಿಲಿನ ಹಸಿರು ಬಣ್ಣ ಹೇಳಿದರು. ತಾಯಿ ತೀರಿಕೊಂಡ ಮೇಲೆ ಅಣ್ಣನಿಗೂ ಅವರಿಗೂ ಏನೋ ಮಾತು ಬೆಳೆದು, ಅಣ್ಣ ಅವರ ಚೀಲವನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದ. ಸಂಜೆವರೆಗೂ ಆ ಹಸಿರು ಬಾಗಿಲ ಮುಂದೆ ನಿಂತಿದ್ದರು. ಒಳಗೆ ತಟ್ಟೆಯ ಸದ್ದು, ಅಣ್ಣನ ಮಕ್ಕಳ ನಗು ಕೇಳುತ್ತಿತ್ತು. ಬಾಗಿಲು ತೆರೆಯಲಿಲ್ಲ. ಆಮೇಲೆ ಲಾಂಚು ಹತ್ತಿ, ಅದು ಎಲ್ಲಿ ನಿಂತಿತೋ ಅಲ್ಲಿ ಇಳಿದರು. ಇಷ್ಟು ಹೇಳಿ, ಬಹಳ ಕಾಲದ ಹೊರೆ ಇಳಿಸಿದವರ ಹಾಗೆ ಮಗ್ಗುಲಾಗಿ ನಿದ್ದೆಹೋದರು. ಸೊಸೆ ಕಂಬಳಿ ಹೊದಿಸಿ, ಎಷ್ಟೋ ಹೊತ್ತು ಅಲ್ಲಿಯೇ ಕೂತಳು. ಸಿಟ್ಟು ಬಂತು, ಕರುಣೆ ಬಂತು, ಇಪ್ಪತ್ತಾರು ವರ್ಷ ಹೀಗೆ ಸುಮ್ಮನೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಬಂದದ್ದನ್ನೆಲ್ಲ ಬರಲು ಬಿಟ್ಟಳು.

ಗಂಡ ಶೆಡ್ಡಿನಿಂದ ಬಂದಾಗ ಎಲ್ಲವನ್ನೂ ಹೇಳಿದಳು. ಅವನಿಗೂ ಅದು ಗೊತ್ತಿರಲಿಲ್ಲ. ನನಗೊಬ್ಬ ಸೋದರಮಾವ ಇದ್ದನೇ ಎಂದಷ್ಟೇ ಕೇಳಿ, ಕೈ ತೊಳೆಯುವ ಕಲ್ಲಿನ ಬಳಿ ನಲ್ಲಿ ತಿರುಗಿಸಿ ನಿಂತುಬಿಟ್ಟ.

ಮಂಜು ಸರಿದ ದಿನ ಜನರೆಲ್ಲ ದಾಟಿಹೋದರು. ಚರ್ಮದ ಕೆಲಸದವನು ಹೊಸ ಅಂಗಿ ತೊಟ್ಟುಕೊಂಡು, ಕಂಬಳಿಯ ತೂತಿಗೆ ಕ್ಷಮೆ ಕೇಳಿ ಹೋದ. ಅವನ ಸುದ್ದಿ ಮತ್ತೆ ಬರಲಿಲ್ಲ. ಅತ್ತೆಯೂ ಚೀಲ ಹಿಡಿದು ಹೊರಟರು. ಅಂದು ಕಟ್ಟೆಯಲ್ಲಿ ಅವರು ಲಾಂಚಿನಿಂದ ಇಳಿಯುವ ಹೊತ್ತಿಗೆ ಗಂಡ ಶೆಡ್ಡಿನ ಕೆಲಸ ಬಿಟ್ಟು ಬಂದು ನಿಂತಿದ್ದ. ಮಸಿಯಾದ ಕೈಯನ್ನು ಅಂಗಿಗೆ ಒರೆಸಿಕೊಂಡು, "ನೀವು ದೂರದಿಂದ ಬಂದ್ರಾ? ಚೀಲ ಕೊಡಿ, ನಮ್ಮ ಮನೆ ಇಲ್ಲೇ ಎದುರಿಗೇ," ಎಂದ. ಹೆತ್ತ ತಾಯಿಗೆ ‘ನೀವು’ ಎನ್ನುವಾಗ ಅವನ ದನಿ ಒಂದು ಸಲ ಒಡೆಯಿತು. ಅತ್ತೆ ನಂಬಿಕೆಯಿಂದ ಚೀಲವನ್ನು ಕೊಟ್ಟು, ಅವನ ತೋಳು ಹಿಡಿದು ನಡೆದರು. ದಾರಿಯುದ್ದಕ್ಕೂ ಅವನು ಅವರ ಊರು, ಅವರ ಅಣ್ಣ, ಎಲ್ಲವನ್ನೂ ಕೇಳಿದ. ಅವರು ಹೇಳಿದರು.

ಆಮೇಲೆ ಇಬ್ಬರೂ ದಿನಾ ಕೇಳತೊಡಗಿದರು. ಕೇಳಿದಷ್ಟೂ ಅತ್ತೆಯ ಪ್ರಯಾಣ ಕಡಿಮೆಯಾಯಿತು. ಒಂದು ದಿನ ಕಟ್ಟೆಯ ಅರ್ಧ ದಾರಿಗೆ ಹೋಗಿ ಬಂದರು, ಒಂದು ದಿನ ಹೊಸಿಲವರೆಗೆ. ಗಿಡಗಳಲ್ಲಿ ಚಿಗುರು ಕಾಣುವ ಹೊತ್ತಿಗೆ ಒಂದು ಬೆಳಗ್ಗೆ ಕೋಟು ಹಾಕದೆ ಅಡುಗೆಮನೆಗೆ ಬಂದರು. ಇಷ್ಟು ದಿನ ಕೂತು ಉಂಡದ್ದಾಯಿತು, ಏನಾದರೂ ಕೆಲಸ ಕೊಡಿ ಎಂದರು.

ಸೊಸೆ ಹಸಿ ಬಟಾಣಿಯ ಬುಟ್ಟಿಯನ್ನು ಅವರ ಮುಂದಿಟ್ಟು, ತಾನೂ ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ಗಂಡನೂ ಬಂದು ಒಂದು ಹಿಡಿ ತೆಗೆದುಕೊಂಡ. ಸಿಪ್ಪೆ ಬಿರಿಯುವ ಸದ್ದು, ಕಾಳು ಪಾತ್ರೆಗೆ ಬೀಳುವ ಸದ್ದು. ಅತ್ತೆ ಹತ್ತು ಬಿಡಿಸಿದರೆ ಎರಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ಸಿಪ್ಪೆಯ ರಾಶಿ ಬೆಳೆಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.